ಕೂಗದ ಪೆಟ್ಟಿಗೆ

ಗಡಿಯಾರದಕ್ಕನಿಗೆ ತಮ್ಮನ ಮೇಲಿದ್ದ ಸಿಟ್ಟಿಗೆ ಏಳು ವರ್ಷ ತುಂಬಿತ್ತು. ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬಂದಿದ್ದ ಸಿಟ್ಟು ಅದು, ಕಚ್ಚಿದರೆ ಬಿಡುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಅಕ್ಕ ತಮ್ಮ ಜಗಳವಾಡುವುದು ಮನೆಗೋ, ಸೈಟಿಗೋ, ಅಮ್ಮನ ಬಳೆಗೋ. ಇವರಿಬ್ಬರು ಕಿತ್ತಾಡಿದ್ದು ಆರು ಅಕ್ಷರಕ್ಕೆ.

ಆ ಆರು ಅಕ್ಷರ ಅವರ ಅಪ್ಪನ ಕಾಲ್‌ಸೈನ್. ಹವ್ಯಾಸಕ್ಕೆಂದು ರೇಡಿಯೊ ಇಟ್ಟುಕೊಂಡವರಿಗೆ ಸರ್ಕಾರ ಕೊಡುವ ಗುರುತು ಅದು. ಗಾಳಿಯಲ್ಲಿ ಮನುಷ್ಯನಿಗೆ ಇರುವ ಹೆಸರು ಅದೊಂದೇ. ಅಪ್ಪ ದಿನಾ ಸಂಜೆ ರೇಡಿಯೊ ಮುಂದೆ ಕೂತಾಗ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದವಳು ಅವಳು. ಯಾರ ಜೊತೆ ಮಾತಾಯಿತು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಲಾಗ್ ಪುಸ್ತಕದಲ್ಲಿ ಬರೆಯುವ ಕೆಲಸ ಎಂಟನೇ ವಯಸ್ಸಿನಿಂದ ಅವಳದೇ. ತಮ್ಮನಿಗೆ ಆಗ ಚೆಂಡು ಬಿಟ್ಟರೆ ಲೋಕವಿರಲಿಲ್ಲ. ಮುಂದೆ ಇಬ್ಬರೂ ತಮ್ಮ ತಮ್ಮ ಲೈಸೆನ್ಸ್ ಪಡೆದರು, ಅದು ಬೇರೆ ಮಾತು. ಆದರೆ ತೀರಿಹೋದವರ ಕಾಲ್‌ಸೈನನ್ನು ರಕ್ತಸಂಬಂಧಿಯೊಬ್ಬರು ಕೇಳಿ ಪಡೆಯಬಹುದು ಎಂಬ ನಿಯಮವಿತ್ತು. ಅಪ್ಪ ಹೋದಾಗ ಅವಳು ಅರ್ಜಿ ತುಂಬಿ ಸಹಿ ಹಾಕಿ ಡ್ರಾಯರಿನಲ್ಲಿಟ್ಟಳು. ಅಪ್ಪನ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇದೆ, ಒಂದು ತಿಂಗಳಾದರೂ ಕಳೆಯಲಿ ಎಂದುಕೊಂಡಳು. ತಮ್ಮ ಒಂಬತ್ತನೇ ದಿನವೇ ಅರ್ಜಿ ಹಾಕಿದ. ಅವನಿಗೆ ಸಿಕ್ಕಿಬಿಟ್ಟಿತು.

"ಮೂವತ್ತು ಲಾಗ್ ಪುಸ್ತಕ ಬರೆದೋಳು ನಾನು. ನೀನು ಬರೆದಿದ್ದು ಒಂದೇ ಒಂದು ಅರ್ಜಿ," ಎಂದು ಅವಳು ಅವನ ಮನೆಯ ಮೆಟ್ಟಿಲ ಮೇಲೆ ನಿಂತು ಕೂಗಿದ್ದಳು.

"ನೀನು ಕೇಳ್ಲಿಲ್ಲ, ನಾನು ಕೇಳ್ದೆ. ಅಷ್ಟೇ," ಎಂದು ಅವನು ಬಾಗಿಲು ಹಾಕಿಕೊಂಡಿದ್ದ.

ಅಂದಿನಿಂದ ಮಾತು ನಿಂತಿತ್ತು. ತಮ್ಮನದು ಊರಿನಿಂದ ಮೇಲೆ, ನದಿಯ ಒಡ್ಡಿನ ಬಳಿ ನೀರಿನ ಮಟ್ಟ ಅಳೆಯುವ ಕೆಲಸ. ಊರಿಗೆಲ್ಲ ಅವನು ಗೇಜು. ಅಕ್ಕನ ಬಾಯಲ್ಲಿ ಮಾತ್ರ ಅವನಿಗೆ ಅದಕ್ಕಿಂತ ಒರಟಾದ ಹೆಸರುಗಳಿದ್ದವು. ರೇಡಿಯೊ ಸಂಘದಲ್ಲಿ ಯಾರು ಸಿಕ್ಕಿದರೂ ಅವಳದು ಒಂದೇ ರಾಗ: "ಅಪ್ಪನ ಅಕ್ಷರ ಕಿತ್ಕೊಂಡ್ನಲ್ಲ, ಒಂದಿನ ಆದ್ರೂ ಗಾಳಿಗೆ ಬಂದಿದ್ದಾನಾ? ಏಳು ವರ್ಷದಲ್ಲಿ ನನ್ನ ಸ್ಕ್ರೀನ್ ಮೇಲೆ ಒಂದು ಸಲ ಕಂಡಿಲ್ಲ. ತಾನೂ ತಿನ್ನಲ್ಲ, ತಿನ್ನೋರಿಗೂ ಬಿಡಲ್ಲ."

ಹಾಗೆಂದು ಆಕೆ ಕೈಲಾಗದವಳಲ್ಲ. ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಅಂಗಡಿ, ಹಿಂದಿನ ಕೋಣೆಯಲ್ಲಿ ರೇಡಿಯೊ. ಅಲ್ಲಿ ಈಗ ಬಾಯಿಮಾತಿಗಿಂತ ಡಿಜಿಟಲ್ ಮೋಡ್‌ದೇ ಕಾರುಬಾರು, ಸಂಘದ ಉಳಿದವರು ಮಾತ್ರ ಇನ್ನೂ ಬಾಯಿಮಾತಿನವರೇ. ಕಿವಿಗೆ ಬರೀ ಗೊರಗೊರ ಎನ್ನುವ ಸದ್ದಿನ ಅಡಿಯಿಂದಲೂ ಕಂಪ್ಯೂಟರ್ ಅಕ್ಷರ ಹೆಕ್ಕಿ ತೆಗೆಯುತ್ತದೆ. ಒಬ್ಬರು ಹದಿನೈದು ಸೆಕೆಂಡ್ ಕಳಿಸಬೇಕು, ಇನ್ನೊಬ್ಬರು ಹದಿನೈದು ಸೆಕೆಂಡ್ ಕೇಳಬೇಕು. ಒಂದು ಸಲಕ್ಕೆ ತನ್ನ ಕಾಲ್‌ಸೈನ್, ಅದರ ಹಿಂದೆ ಹದಿಮೂರು ಅಕ್ಷರ, ಅಷ್ಟೇ. ಗಡಿಯಾರ ಒಂದೆರಡು ಸೆಕೆಂಡ್ ಹಿಂದುಮುಂದಾದರೂ ಎಲ್ಲ ಕಲಸುಮೇಲೋಗರ. ಆದ್ದರಿಂದಲೇ ಸಂಘದಲ್ಲಿ ಇವಳಿಗೆ ಮರ್ಯಾದೆ. ಇವಳ ಗಡಿಯಾರ ತಪ್ಪುವುದೆಂದರೆ ಸೂರ್ಯ ತಪ್ಪಿದ ಹಾಗೆ.

ಆ ಮರ್ಯಾದೆಗೆ ತಕ್ಕ ಜವಾಬ್ದಾರಿಯೂ ಇತ್ತು. ನದಿ ಪಕ್ಕದ ಕೆಳಬೀದಿ ಗುಡ್ಡದ ಮರೆಯಲ್ಲಿದ್ದುದರಿಂದ ಹವಾಮಾನ ಕಚೇರಿಯ ಗೋಪುರದ ಎಚ್ಚರಿಕೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಸಂಘದವರು ಇವಳ ತಾರಸಿಯ ಮೇಲೆ ಒಂದು ಪುಟ್ಟ ಪ್ರಸಾರ ಯಂತ್ರ ನಿಲ್ಲಿಸಿ, ಕೆಳಬೀದಿಯ ಮೂವತ್ತೆಂಟು ಮನೆಗೂ ಒಂದೊಂದು ಎಚ್ಚರಿಕೆ ಪೆಟ್ಟಿಗೆ ಕೊಟ್ಟಿದ್ದರು. ಪೆಟ್ಟಿಗೆ ಸದಾ ಮಲಗಿರುತ್ತದೆ. ತನ್ನ ಬೀದಿಗೆ ಕೊಟ್ಟ ಗುರುತಿನ ಅಂಕಿ ಗಾಳಿಯಲ್ಲಿ ಬಂದು ಕಿವಿಗೆ ಬಿದ್ದರೆ ಮಾತ್ರ ಎದ್ದು ಸತ್ತವರೂ ಏಳುವಂತೆ ಕೂಗುತ್ತದೆ. ಅದರ ಮುಖದ ಮೇಲೆ 'ಕೇಳಿಸಿತು' ಎಂಬ ಹಸಿರು ಗುಂಡಿ, ಒತ್ತಿದರೆ ಕೂಗು ನಿಂತು ಕೂಗಿಸಿದವರಿಗೆ ತಿಳಿಯುತ್ತದೆ. ಪ್ರತಿ ಬುಧವಾರ ಹನ್ನೊಂದು ಗಂಟೆಗೆ ಅವಳು ಪರೀಕ್ಷೆಗೆಂದು ಕೂಗಿಸುವಳು, ಮೂವತ್ತೆಂಟು ಮನೆಯವರೂ ಗುಂಡಿ ಒತ್ತಬೇಕು. ಒತ್ತದವರಿಗೆ ಹನ್ನೊಂದೂ ಐದಕ್ಕೆ ಫೋನಿನಲ್ಲಿ ಮಂಗಳಾರತಿ.

"ಕಿವಿ ಕೇಳಲ್ವಾ, ಇಲ್ಲಾ ಕೈ ಇಲ್ವಾ?" ಎಂದು ಅವಳು ಕೇಳುವ ರೀತಿಗೆ ಹೆದರಿ ಜನ ಸ್ನಾನದ ಮಧ್ಯದಲ್ಲೂ ಓಡಿಬಂದು ಒತ್ತುತ್ತಿದ್ದರು.

ಎಲ್ಲರಿಗಿಂತ ಮೊದಲು ಒತ್ತುತ್ತಿದ್ದವನು ಬೈಂಡಿಂಗ್ ತಾತ. ಎಪ್ಪತ್ತು ದಾಟಿದ ಒಂಟಿ ಮುದುಕ, ಮಂಡಿ ನೋವಿನವನು. ಕೆಳಬೀದಿಯ ತುದಿಯ ಕೋಣೆಯಲ್ಲಿ ಎರಕದ ಕಬ್ಬಿಣದ ಪ್ರೆಸ್ ಇಟ್ಟುಕೊಂಡು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಅವನ ಕಪಾಟಿನ ಮೇಲೆ ಪೆಟ್ಟಿಗೆ ಕೂರಿಸಿದ ದಿನ ಅವಳೇ ಹೇಳಿದ್ದಳು: "ತಾತ, ಮಳೆ ಬಂತು ಅಂತ ಮಂಡಿ ಎಳ್ಕೊಂಡು ಗುಡ್ಡ ಹತ್ಬೇಡಿ. ಇದು ಕೂಗಿದ್ರೆ ಓಡಿ. ಇದು ಕೂಗ್ಲಿಲ್ವಾ, ಆರಾಮಾಗಿ ಕೂತಿರಿ."

ಆ ಮಾತು ಅವಳಿಗೆ ಈಗ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು.

ಒಡ್ಡು ಒಡೆದ ದಿನ ಬೆಳಗಿನಿಂದಲೇ ಫೋನು, ಇಂಟರ್ನೆಟ್ಟು, ಕರೆಂಟು ಮೂರೂ ಹೋಗಿದ್ದವು. ಸಂಘದಲ್ಲಿ ಬ್ಯಾಟರಿ ಮೇಲೆ ನಡೆಯುತ್ತಿದ್ದುದು ಇವಳ ನಿಲ್ದಾಣವೊಂದೇ. ಐದು ಗಂಟೆ ಕಾಲ ಒಂದು ಲೋಟ ನೀರನ್ನೂ ಕುಡಿಯದೆ ಸ್ಕ್ರೀನ್ ಮುಂದೆ ಕೂತಿದ್ದಳು. ಎರಡೆರಡು ನಿಮಿಷಕ್ಕೊಮ್ಮೆ ಅವಳ ಕಂಪ್ಯೂಟರು ತಾನಾಗಿಯೇ 'ಕೇಳುತ್ತಿದ್ದೇನೆ' ಎಂದು ಗಾಳಿಗೆ ಸಾರುತ್ತಿತ್ತು. ಸಮುದ್ರದಾಚೆಯ ಯಾರೋ ಅಪರಿಚಿತರು ಉತ್ತರಿಸಿದರು. ಎಲ್ಲಿಂದಲೂ ಎಚ್ಚರಿಕೆ ಬರಲಿಲ್ಲ. ಸಂದೇಶವಿಲ್ಲದೆ ಊಹೆಯ ಮೇಲೆ ಪೆಟ್ಟಿಗೆ ಕೂಗಿಸಬಾರದು ಎಂಬುದು ಸಂಘದ ಕಟ್ಟಪ್ಪಣೆ. ಅವಳು ಕೂಗಿಸಲಿಲ್ಲ. ಮೂರೂ ಐದಕ್ಕೆ ಕೆಳಬೀದಿಗೆ ನೀರು ನುಗ್ಗಿತು.

ಸದ್ದು ಕೇಳಿ ಉಳಿದವರು ಹೇಗೋ ಗುಡ್ಡ ಹತ್ತಿಕೊಂಡರು. ಬೈಂಡಿಂಗ್ ತಾತನ ಪ್ರೆಸ್ ನೀರಿನ ರಭಸಕ್ಕೆ ಗೋಡೆಗೆ ವಾಲಿ ಅವನ ಬಲಗೈಯನ್ನು ಅದುಮಿತು. ಎದೆಮಟ್ಟದ ನೀರಿನಲ್ಲಿ ಹಾಗೇ ಸಿಕ್ಕಿಕೊಂಡು ಆರು ಗಂಟೆ ನಿಂತಿದ್ದ. ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕೈ ತೆಗೆದರು.

ವಿಚಾರಣೆ ಶುರುವಾಯಿತು. ಗೇಜು ಹೇಳಿದ್ದು ಇಷ್ಟು: ಒಡ್ಡು ಒಡೆದದ್ದು ಎರಡು ಗಂಟೆಗೆ, ತನ್ನ ಅಳತೆ ಕೋಣೆಯ ರೇಡಿಯೊದಿಂದ ಎರಡೂ ಹತ್ತರಿಂದ ಎರಡೂ ಮೂವತ್ತೊಂದರವರೆಗೆ ಅರ್ಧ ನಿಮಿಷಕ್ಕೊಂದರಂತೆ ನಲವತ್ತಮೂರು ಸಲ ಅಕ್ಕನಿಗೆ ಎಚ್ಚರಿಕೆ ಕಳಿಸಿದೆ, ಆಮೇಲೆ ಕೋಣೆಗೆ ನೀರು ನುಗ್ಗಿ ರೇಡಿಯೊ ಕಂಪ್ಯೂಟರ್ ಎರಡೂ ಕೊಚ್ಚಿಹೋದವು. ನೋಡಿದವರಿಲ್ಲ, ಕೇಳಿದವರಿಲ್ಲ.

"ಸುಳ್ಳು. ಸಮುದ್ರದಾಚೆಯವರು ಕೇಳಿಸ್ತಾರಂತೆ, ಹನ್ನೆರಡು ಮೈಲಿ ಮೇಲಿರೋನು ಕೇಳಿಸಲ್ವಂತೆ. ಅವನು ಒಂದು ಸಲನೂ ಕಳಿಸಿಲ್ಲ," ಎಂದು ಅವಳು ಸಂಘದ ಮೇಜು ಗುದ್ದಿ ಹೇಳಿದಳು.

ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಸ್ವಭಾವ. ಯಾವ ಮಾತು ಹೇಳುವಾಗಲೂ 'ಸ್ವಲ್ಪ ನೋವಾಗುತ್ತೆ' ಅನ್ನುವ ಮುಖ ಮಾಡಿಕೊಂಡೇ ಹೇಳುತ್ತಿದ್ದರು. ಶನಿವಾರ ಕೊನೆಯ ಸಭೆ ಎಂದರು. ಗೇಜು ಎಚ್ಚರಿಸಲಿಲ್ಲವೆಂದು ವರದಿ ಹೋದರೆ ಕೆಲಸವೂ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ. ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ಆ ಕಾಲ್‌ಸೈನ್ ಆಗ ಖಾಲಿ ಆಗುತ್ತಮ್ಮ. ನೀವು ಕೇಳ್ಬಹುದು," ಎಂದೂ ಸೇರಿಸಿದರು.

ಮನೆಗೆ ಬಂದವಳೇ ಡ್ರಾಯರಿನಿಂದ ಹಳೆಯ ಅರ್ಜಿ ತೆಗೆದಳು. ಏಳು ವರ್ಷದ ಹಿಂದಿನ ತಾರೀಖು ಹೊಡೆದುಹಾಕಿ ಹೊಸದು ಬರೆದಳು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಬೇಕು?

ಶುಕ್ರವಾರ ಮಧ್ಯಾಹ್ನ ತಮ್ಮನ ಹೆಂಡತಿ ಅಂಗಡಿಗೆ ಬಂದಳು. ಗಡಿಯಾರದಕ್ಕ ಕಣ್ಣಿನ ಭೂತಗನ್ನಡಿ ತೆಗೆಯಲಿಲ್ಲ.

"ಅತ್ತಿಗೆ, ನಾನು ಬೇಡೋಕೆ ಬಂದಿಲ್ಲ," ಎಂದಳು ಬಂದವಳು.

"ಒಳ್ಳೇದಾಯ್ತು. ಇಲ್ಲಿ ಭಿಕ್ಷೆ ಹಾಕಲ್ಲ."

"ನಿಮ್ಮ ತಮ್ಮ ಕಳಿಸಿದ್ದು ನಿಜ. ಆ ಹೊತ್ತು ಅವರು ಕೈಯಲ್ಲಿ ಬರ್ಕೊಂಡಿದ್ದ ಹಾಳೆ ಜೇಬಲ್ಲಿತ್ತು, ಉಳ್ಕೊಂಡಿದೆ. ಡಾಕ್ಟರು ಇದನ್ನ ಒಪ್ಪಲ್ಲ, ಮನೇಲಿ ಕೂತು ಯಾರು ಬೇಕಾದ್ರೂ ಬರೀಬಹುದು ಅಂತಾರೆ. ನೀವು ಗಡಿಯಾರದೋರು. ಇದರಲ್ಲಿರೋ ಸೆಕೆಂಡು ಸುಳ್ಳು ಅಂತ ನೀವೇ ತೋರಿಸಿ."

"ಏಳು ವರ್ಷ ಬಾಯಿ ಸತ್ತೋನಿಗೆ ಒಂದೇ ದಿನ ನಲವತ್ಮೂರು ಸಲ ಬಾಯಿ ಬಂತಾ?"

"ಏಳು ವರ್ಷ ಅವರು ದಿನಾ ಕೂತಿದ್ದಾರೆ ಅತ್ತಿಗೆ. ನಿಮ್ಮನ್ನ ಕರೆದಿದ್ದಾರೆ. ನೀವು ಬೇಕಂತ್ಲೇ ಉತ್ತರ ಕೊಡಲ್ಲ ಅನ್ಕೊಂಡ್ವಿ. ಉತ್ತರ ಬೇಡ, ಕೆಳಗಿರೋ ಜನಕ್ಕೋಸ್ಕರ ಒಂದು ಗುಂಡಿ ಒತ್ಬಾರದಿತ್ತಾ? ಅಷ್ಟು ವಿಷಾನಾ ನಿಮ್ಮಲ್ಲಿ?"

"ಎದ್ದೋಗು," ಎಂದಳು ಗಡಿಯಾರದಕ್ಕ. ಬಂದವಳು ಹಾಳೆಯನ್ನು ಕೌಂಟರಿನ ಮೇಲಿಟ್ಟು, ಅದರ ಮೇಲೆ ಒಂದು ಕೆಟ್ಟ ಅಲಾರಂ ಗಡಿಯಾರ ಒತ್ತಿಟ್ಟು, ತಿರುಗಿ ನೋಡದೆ ಹೋದಳು.

ಸುಳ್ಳನ್ನು ಸುಳ್ಳೆಂದು ತೋರಿಸುವ ಹಟದಲ್ಲಿಯೇ ಅವಳು ಹಿಂದಿನ ಕೋಣೆಗೆ ಹೋದದ್ದು. ತಂತ್ರಾಂಶ ತಾನು ಕೇಳಿದ್ದನ್ನೆಲ್ಲ, ಕಸಕಡ್ಡಿ ಸಮೇತ, ಒಂದು ಉದ್ದದ ಕಡತಕ್ಕೆ ಸುರಿಯುತ್ತಿರುತ್ತದೆ. ಯಾರೂ ಅದನ್ನು ತೆರೆಯುವುದಿಲ್ಲ, ಸ್ಕ್ರೀನ್ ಮೇಲೆ ಬಂದದ್ದೇ ಸಾಕಾಗುತ್ತದೆ. ಅವಳು ತೆರೆದು ಆ ದಿನದ ಎರಡೂ ಹತ್ತಕ್ಕೆ ಹೋದಳು.

ಸಾಲುಗಳು ಅಲ್ಲಿದ್ದವು. ಅಪ್ಪನ ಆರು ಅಕ್ಷರ, ಅದರ ಹಿಂದೆ ಹದಿಮೂರು ಅಕ್ಷರಕ್ಕೆ ಹಿಡಿಸುವಂತೆ ಕತ್ತರಿಸಿದ ಮಾತು: ಒಡ್ಡು ಹೋಯ್ತು, ಓಡಿ. ಅರ್ಧ ನಿಮಿಷ ಬಿಟ್ಟು ಮತ್ತೆ ಅದೇ. ಮತ್ತೆ ಅದೇ. ನಡುನಡುವೆ ಅವಳದೇ ನಿಲ್ದಾಣದ ಸಾಲು: ಕೇಳುತ್ತಿದ್ದೇನೆ. ಅವಳು ಹಾಳೆ ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಎಣಿಸಿದಳು. ನಲವತ್ತಮೂರು. ಒಂದು ಸೆಕೆಂಡೂ ತಪ್ಪಿರಲಿಲ್ಲ.

ಹಾಗಿದ್ದರೆ ಸ್ಕ್ರೀನ್ ಮೇಲೆ ಯಾಕೆ ಬರಲಿಲ್ಲ? ಅವಳು ತಂತ್ರಾಂಶದ ಹೊಂದಿಕೆಗಳನ್ನು ಒಂದೊಂದಾಗಿ ಬಿಡಿಸಿದಳು. ಮೂಲೆಯಲ್ಲೊಂದು ಪಟ್ಟಿಯಿತ್ತು: ತೋರಿಸಬಾರದ ನಿಲ್ದಾಣಗಳು. ಅದರಲ್ಲಿ ಇದ್ದುದು ಒಂದೇ ಹೆಸರು.

ಆಗ ನೆನಪಾಯಿತು. ಏಳು ವರ್ಷದ ಹಿಂದೆ, ತಮ್ಮನಿಗೆ ಕಾಲ್‌ಸೈನ್ ಸಿಕ್ಕ ವಾರ, ಒಂದು ಮಧ್ಯಾಹ್ನ ಆ ಅಕ್ಷರಗಳು ಅವಳ ಸ್ಕ್ರೀನ್ ಮೇಲೆ ಬಂದಿದ್ದವು. ಅಪ್ಪನೇ ಬಂದ ಹಾಗಾಗಿತ್ತು, ಮರುಕ್ಷಣ ಅದು ತಮ್ಮ ಎಂದು ಹೊಳೆದಿತ್ತು. ಅಲ್ಲೇ ಒತ್ತಿ 'ಇನ್ನು ತೋರಿಸಬೇಡ' ಎಂದು ಆರಿಸಿ, ಎದ್ದು ಹೋಗಿ ಮುಖ ತೊಳೆದುಕೊಂಡಿದ್ದಳು. ಆಮೇಲೆ ಮರೆತೇಹೋಗಿತ್ತು. ತಂತ್ರಾಂಶ ಹೊಸದಾದಾಗಲೆಲ್ಲ 'ಹಳೆಯ ಹೊಂದಿಕೆ ಇಟ್ಟುಕೊಳ್ಳಲೇ' ಎಂದು ಕೇಳುತ್ತಿತ್ತು, ಇವಳು ಹೂಂ ಅನ್ನುತ್ತಿದ್ದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಗಾದೆ ಕೇಳುತ್ತದೆ. ಇವಳು ಶಾಂತವಾಗಿಯೂ ಇರಲಿಲ್ಲ, ಮೂಗು ಹೋದದ್ದೂ ಗೊತ್ತಿರಲಿಲ್ಲ. ಹೋದದ್ದು ಇನ್ನೊಬ್ಬರ ಕೈ.

ಹಿಂದಕ್ಕೆ ಹೋಗುತ್ತ ಹೋಗುತ್ತ ನೋಡಿದಳು. ಏಳು ವರ್ಷ ತುಂಬಾ ಅವನ ಸಾಲುಗಳು. ಎಷ್ಟೋ ಕಡೆ ಅವಳದೇ ಕಾಲ್‌ಸೈನ್ ಹಿಡಿದು ಕರೆದಿದ್ದ. ಅದನ್ನು ಕಂಡು ಮನಸ್ಸು ಕರಗಿತೆಂದು ಯಾರಾದರೂ ತಿಳಿದರೆ ಅವರಿಗೆ ಗಡಿಯಾರದಕ್ಕ ಗೊತ್ತಿಲ್ಲ. "ಅಂಗಡಿಗೆ ಬರೋಕೆ ಕಾಲಿರ್ಲಿಲ್ವೇನೋ ನಿನಗೆ? ಬಾಗಿಲು ತಟ್ಟೋಕೆ ಕೈ ಇರ್ಲಿಲ್ವಾ?" ಎಂದು ಅವಳು ಖಾಲಿ ಕೋಣೆಯಲ್ಲಿ ಸ್ಕ್ರೀನಿಗೆ ಕೂಗಿದಳು.

ಸಿಟ್ಟು ಇಳಿದ ಮೇಲೆ ಉಳಿದದ್ದು ಲೆಕ್ಕಾಚಾರ. ಈ ಕಡತ ಬಿಟ್ಟರೆ ತಮ್ಮನ ಪರವಾಗಿ ಜಗತ್ತಿನಲ್ಲಿ ಇನ್ನೊಂದು ಸಾಕ್ಷಿಯಿಲ್ಲ. ಅಳಿಸಿದರೆ ಅಪ್ಪನ ಅಕ್ಷರ ತನ್ನದು, ತಪ್ಪು ಅವನದು. ಉಳಿಸಿದರೆ ಅಕ್ಷರ ಅವನದೇ, ತಾತನ ಕೈ ತನ್ನ ತಲೆಗೆ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಳು. ಬೆರಳು ಒತ್ತಲಿಲ್ಲ, ಅಲ್ಲಿಂದ ಏಳಲೂ ಇಲ್ಲ. ಕೊನೆಗೆ ಕಡತವನ್ನು ಪೆನ್‌ಡ್ರೈವಿಗೆ ತುಂಬಿ, ಅರ್ಜಿಯ ಜೊತೆಗೇ ಕೈಚೀಲದಲ್ಲಿ ಹಾಕಿಕೊಂಡಳು. ಯಾವುದನ್ನು ಹೊರತೆಗೆಯುವುದೆಂದು ಶನಿವಾರ ಬೆಳಿಗ್ಗೆಯೂ ಅವಳಿಗೆ ಗೊತ್ತಿರಲಿಲ್ಲ.

ಸಂಘದ ಕೋಣೆಯಲ್ಲಿ ಇಪ್ಪತ್ತು ಕುರ್ಚಿ, ಮೂವತ್ತು ಜನ. ಗೇಜು ಗೋಡೆಗೊರಗಿ ನಿಂತಿದ್ದ. ಅಕ್ಕನ ಕಡೆ ನೋಡಲಿಲ್ಲ. "ನಾನು ಓಡಿ ಅಂತ ಕಳಿಸ್ತಾ ಇದ್ದೆ. ಅವಳು ಕೇಳುತ್ತಿದ್ದೇನೆ, ಕೇಳುತ್ತಿದ್ದೇನೆ ಅಂತ ನನಗೇ ಕಳಿಸ್ತಾ ಇದ್ಲು. ಇದಕ್ಕಿಂತ ಜಾಸ್ತಿ ನನಗೆ ಹೇಳೋಕಿಲ್ಲ," ಎಂದ.

ಬೈಂಡಿಂಗ್ ತಾತ ಬಟ್ಟೆ ಸುತ್ತಿದ ಮೊಂಡುಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಡಾಕ್ಟರು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದ: "ನೀರಿನ ಸದ್ದು ಬರ್ತಿತ್ತು. ಪೆಟ್ಟಿಗೆ ನೋಡ್ದೆ. ಕೂಗ್ಲಿಲ್ಲ. ಕೂಗದಿದ್ರೆ ಕೂತಿರಿ ಅಂತ ಈ ಹುಡುಗಿ ಹೇಳಿದ್ಲಲ್ಲ, ಕೂತೆ. ಇವಳ ಕಣ್ಣಿಗೆ ಬಿದ್ದಿದ್ರೆ ಒತ್ತದೆ ಇರೋಳಲ್ಲ. ಅಂದ್ಮೇಲೆ ಮೇಲಿನವನೇ ಕಳಿಸಿಲ್ಲ. ಇನ್ನೇನಿದೆ?"

ಅವಳು ಚೀಲವನ್ನು ಎದೆಗವುಚಿಕೊಂಡಳು. ಯಾರಾದರೂ ಬೈದಿದ್ದರೆ ತಿರುಗಿ ಬೈದು ಕೂರುತ್ತಿದ್ದಳು, ಅದು ಅವಳಿಗೆ ಬರುತ್ತಿತ್ತು. ನಂಬಿದವನಿಗೆ ಏನು ಹೇಳುವುದೆಂದು ಮಾತ್ರ ಗೊತ್ತಿರಲಿಲ್ಲ.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ವರದಿ ಓದತೊಡಗಿದರು. ಅಪ್ಪನ ಕಾಲ್‌ಸೈನನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿ, "ಈ ನಿಲ್ದಾಣವು ಅಪಾಯದ ಸಮಯದಲ್ಲಿ ಎಚ್ಚರಿಕೆ ಕಳುಹಿಸಲಿಲ್ಲ," ಎಂದರು.

ಆ ಆರು ಅಕ್ಷರಗಳನ್ನು ಅವಳು ಮೂವತ್ತು ಪುಸ್ತಕಗಳ ಪ್ರತಿ ಪುಟದ ತಲೆಯ ಮೇಲೆ ಬರೆದಿದ್ದಳು. ಅವುಗಳ ಹಿಂದೆ 'ಕಳುಹಿಸಲಿಲ್ಲ' ಎಂಬ ಮಾತು ಎಂದೂ ಬಂದಿರಲಿಲ್ಲ.

"ಹೊಡೆದಾಕಿ ಅದನ್ನ," ಎಂದು ಅವಳು ಎದ್ದಳು. ದನಿ ಕೀರಲಾಗಿ ಹೊರಟಿತು. "ಕಳಿಸಿದ್ದಾನೆ. ನಲವತ್ಮೂರು ಸಲ. ನನ್ನ ಕಂಪ್ಯೂಟರಿಗೆ ಎಲ್ಲಾ ಬಂದಿತ್ತು. ಅವನ ಕಾಲ್‌ಸೈನ್ ತೋರಿಸ್ಬೇಡ ಅಂತ ಏಳು ವರ್ಷದ ಹಿಂದೆ ನಾನೇ ಗುರುತು ಹಾಕಿದ್ದೆ. ಮರ್ತಿದ್ದೆ. ತಗೊಳ್ಳಿ." ಪೆನ್‌ಡ್ರೈವ್ ಮೇಜಿನ ಮೇಲೆ ಬಿದ್ದು ಜಾರಿ ಡಾಕ್ಟರ ಚಹಾದ ಲೋಟಕ್ಕೆ ಬಡಿಯಿತು.

ಡಾಕ್ಟರು ಅದನ್ನು ಸಂಘದ ಕಂಪ್ಯೂಟರಿಗೆ ಸಿಕ್ಕಿಸಿ, ಸಾಲುಗಳನ್ನು ಮೂರು ಸಲ ಓದಿದರು. ಮೊದಲು ಗೋಡೆ ಬಿಟ್ಟು ಬಂದವನು ಗೇಜು. "ತೋರಿಸ್ಬೇಡ ಅಂತನಾ?" ಎಂದ. "ಬದುಕಿರೋ ತಮ್ಮನ್ನ ಅಳಿಸಿ ಇಟ್ಟಿದ್ದೆ ಅಲ್ವಾ ನೀನು? ಊರೆಲ್ಲ ನಾನು ಗಾಳಿಗೇ ಬರಲ್ಲ ಅಂತ ಸಾರಿದ್ಯಲ್ಲ, ನಾಚಿಕೆ ಆಗಲ್ವಾ?"

"ನಿನಗೋಸ್ಕರ ಹೇಳಿದ್ದಲ್ಲ ಇದು. ಅಪ್ಪನ ಅಕ್ಷರಕ್ಕೆ ಮಸಿ ಹತ್ಬಾರ್ದು ಅಂತ ಹೇಳ್ದೆ. ನಿನಗೆ ಇಡೀ ಜನ್ಮ ಮಸಿ ಬಳಿದ್ರೂ ನನಗೇನಿಲ್ಲ."

"ನಿನ್ನ ದಯೆ ಯಾವನಿಗೆ ಬೇಕು?"

"ದಯೆ ಅಲ್ಲ ಅಂತಾನೇ ಹೇಳಿದ್ದು, ಕಿವುಡ!"

ಕಿವುಡ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು. ಕೋಣೆಯಲ್ಲಿದ್ದ ಮೂವತ್ತು ಜನಕ್ಕೂ ಕೇಳಿಸಿತು. ಅವಳು ತಾತನ ಕಡೆ ತಿರುಗಿದಳು. ತಾತ ಇವಳನ್ನು ನೋಡುತ್ತಿರಲಿಲ್ಲ, ತೊಡೆಯ ಮೇಲಿನ ಬಟ್ಟೆಯ ಗಂಟನ್ನು ಎಡಗೈಯಿಂದ ಬಿಚ್ಚಿ ಕಟ್ಟಿ ಮಾಡುತ್ತಿದ್ದ. ಅವಳು ಮನೆಗೆ ಬಂದು, ತೋರಿಸಬಾರದ ಪಟ್ಟಿಯಲ್ಲಿದ್ದ ಆ ಒಂದು ಹೆಸರನ್ನು ತೆಗೆದು, ಅರ್ಜಿಯನ್ನು ನಾಲ್ಕು ಚೂರು ಮಾಡಿದಳು. ಅಳು ಬಂತು, ಅತ್ತಳು.

ಸಂಘದವರು ಎರಡೇ ದಿನದಲ್ಲಿ ತೀರ್ಮಾನಿಸಿದರು. ಯಂತ್ರ ಅವಳ ತಾರಸಿಯ ಮೇಲೆಯೇ ಇರಲಿ, ಎತ್ತರ ಅಲ್ಲೇ ಸರಿ. ಕೂಗಿಸುವ ಅಧಿಕಾರ ಮಾತ್ರ ಇನ್ನು ಗೇಜುವಿನದು, ಸಂಘ ಕೊಟ್ಟ ಹೊಸ ರೇಡಿಯೊ ಮೂಲಕ ಅವನು ಮೇಲಿನಿಂದಲೇ ಕೂಗಿಸುತ್ತಾನೆ. ಅವಳ ತಲೆಯ ಮೇಲಿನ ಯಂತ್ರ ಅವಳ ಶತ್ರುವಿನ ಮಾತು ಕೇಳುವಂತಾಯಿತು. ಅವಳು ಸಹಿ ಹಾಕಿಕೊಟ್ಟಳು.

ಬುಧವಾರ ಬೆಳಿಗ್ಗೆ ಬೈಂಡಿಂಗ್ ತಾತ ಅಂಗಡಿ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಎಚ್ಚರಿಕೆ ಪೆಟ್ಟಿಗೆ. ಅವಳು ಕುರ್ಚಿ ತರಲು ಎದ್ದಳು. ಅವನು ಬೇಡವೆಂದು ತಲೆಯಾಡಿಸಿ, ಎಡಗೈಯಿಂದ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಟ್ಟ.

"ತಾತ, ಇದನ್ನ ಯಾಕೆ ತಂದ್ರಿ? ಇನ್ಮೇಲೆ ಸರಿಯಾಗಿ ಕೂಗುತ್ತೆ."

"ಕೂಗ್ಲಿ. ನಾನು ಗುಡ್ಡದ ಮೇಲೆ ಮಗಳ ಮನೆಗೆ ಹೋಗ್ತಿದ್ದೀನಿ, ನನಗೆ ಬೇಡ," ಎಂದ ತಾತ. "ನೀನಿಟ್ಕೊ. ಕೇಳಿಸ್ಬೇಕಾಗಿರೋದು ನಿನಗೆ."

ಅವಳು ಕಾಲು ಹಿಡಿಯಲು ಬಗ್ಗಿದಳೋ, ಕೈ ಹಿಡಿಯಲು ಮುಂದಾದಳೋ, ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ.

ಅವಳು ಪೆಟ್ಟಿಗೆಯನ್ನು ರಿಪೇರಿಗೆ ಬಂದ ಗಡಿಯಾರಗಳ ಸಾಲಿನಲ್ಲಿ ಇಟ್ಟಳು. ಹನ್ನೊಂದಾಯಿತು. ಒಂದು ಸೆಕೆಂಡ್ ಕಳೆಯಿತು, ಎರಡು ಕಳೆಯಿತು. ಪೆಟ್ಟಿಗೆ ಎದ್ದು ಕೂಗಿತು, ಅಂಗಡಿಯ ಗಾಜುಗಳೆಲ್ಲ ಅದುರಿದವು. ಹಿಂದಿನ ಕೋಣೆಯ ಸ್ಕ್ರೀನ್ ಮೇಲೆ ಏಳು ವರ್ಷದ ನಂತರ ಅಪ್ಪನ ಆರು ಅಕ್ಷರ ಬಂದು ನಿಂತವು.

"ಎರಡು ಸೆಕೆಂಡ್ ತಡ, ದರಿದ್ರದವನೇ," ಎಂದು ಅವಳು ಹಲ್ಲು ಕಡಿದಳು.

ಗುಂಡಿ ಒತ್ತದಿದ್ದರೆ ಹನ್ನೊಂದೂ ಐದಕ್ಕೆ ಅವನು ಫೋನ್ ಮಾಡಬೇಕು, ಅದು ಅವಳೇ ಮಾಡಿದ್ದ ನಿಯಮ. ಪೆಟ್ಟಿಗೆ ಕೂಗುತ್ತಲೇ ಇತ್ತು. ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಾಲ್ಕು ನಿಮಿಷ ಅದನ್ನು ಪೂರ್ತಿ ಕೇಳಿದಳು. ಆಮೇಲೆ ಬಲಗೈ ಚಾಚಿ 'ಕೇಳಿಸಿತು' ಒತ್ತಿದಳು.